ಅಳುಬುರುಕಿ ಭತ್ತದ ಪರವಾಗಿ ಒಂದು ಅರ್ಜಿ

ಹೊಂಗನಹಳ್ಳಿ, ಮೂರನೇ ನಾಲೆಯ ಏರಿ
ಕ್ರಿ.ಶ. 2297, ಫೆಬ್ರವರಿ 30

ನನ್ನ ಅಜ್ಜಿಯ ಅಜ್ಜಿಯ ಅಜ್ಜಿಯ ಅಜ್ಜಿಯಾದ ಶ್ರೀಮತಿ ಕೋಮಲಾ ಅವರ ಪಾದಗಳಿಗೆ, ಅಂಕನಾಥನ ಸಾಷ್ಟಾಂಗ ನಮಸ್ಕಾರಗಳು.

ವಿಷಯ: ಬರುವ ಸೋಮವಾರ ತಾವು ಗೊಬ್ಬರದ ಗುಂಡಿಗೆ ಸುರಿಯಲಿರುವ ಅಳುಬುರುಕಿ ಭತ್ತವನ್ನು ದಯವಿಟ್ಟು ಸುರಿಯದಿರುವ ಬಗ್ಗೆ.

ಮೊದಲಿಗೆ ತಾರೀಖಿನ ಬಗ್ಗೆ ಕ್ಷಮೆ ಕೋರುತ್ತೇನೆ. ಫೆಬ್ರವರಿಗೆ ಮೂವತ್ತು ದಿನ ಎಲ್ಲಿಂದ ಬಂತು ಎಂದು ನೀವು ಗೋಡೆಯ ಕ್ಯಾಲೆಂಡರ್ ನೋಡುತ್ತಿರಬಹುದು. ಜುಲೈ ಮತ್ತು ಆಗಸ್ಟ್ ತಿಂಗಳುಗಳು ಮೂವತ್ತೊಂದು ಮೂವತ್ತೊಂದು ದಿನ ಇಟ್ಟುಕೊಂಡು ಕೊಬ್ಬಿರುವಾಗ ಒಂದೇ ಒಂದು ತಿಂಗಳು ಸೊರಗುವುದು ಅನ್ಯಾಯವೆಂದು ನಮ್ಮ ಹಿರಿಯರು ನೂರು ವರ್ಷದ ಹಿಂದೆಯೇ ಅದನ್ನು ಸರಿಪಡಿಸಿದರು. ಭಾಷೆಯ ಬಗ್ಗೆಯೂ ಕ್ಷಮೆ ಇರಲಿ. ನಮ್ಮ ಕಾಲದ ಬರವಣಿಗೆ ನಿಮಗೆ ವಿಚಿತ್ರವಾಗಿ ಕಾಣುತ್ತದೆಂದು ಹೆದರಿ, ನಿಮ್ಮದೇ ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ನಿಮ್ಮ ಕಾಲದ ಮಾತಿನಲ್ಲೇ ಬರೆಯಲು ಹೆಣಗುತ್ತಿದ್ದೇನೆ. ಆಗಾಗ ನಮ್ಮ ಪದಗಳು ನುಸುಳಿದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಇನ್ನೊಂದು ಮುಜುಗರವೂ ಇದೆ. ಈ ಪತ್ರ ಕೈಗೆ ಬಂದಾಗ ನಿಮಗೆ ಮೂವತ್ತೊಂದು ವರ್ಷ. ಬರೆಯುತ್ತಿರುವ ನನಗೆ ಅರವತ್ತೆರಡು, ಮಂಡಿನೋವು ಬೇರೆ. ಮೂವತ್ತೊಂದರ ಹೆಣ್ಣುಮಗಳನ್ನು ಅಜ್ಜಿ ಎಂದು ಕರೆದರೆ ನಿಮ್ಮ ಕಾಲದಲ್ಲಿ ಏನಾಗುತ್ತಿತ್ತೆಂದು ನೋಟ್‌ಬುಕ್ಕಿನ ಒಂದು ಪುಟದಿಂದ ನನಗೆ ಗೊತ್ತು. ಬಸ್ಸಿನಲ್ಲಿ ನಿಮ್ಮನ್ನು 'ಆಂಟಿ' ಎಂದವನನ್ನು ನೀವು ಮದ್ದೂರಿನವರೆಗೂ ಬಿಡಲಿಲ್ಲವಂತೆ. ಆದರೂ ಸಂಬಂಧ ಸಂಬಂಧವೇ. ಕೋಮಲಜ್ಜಿ ಎಂದೇ ಕರೆಯುತ್ತೇನೆ, ಸಹಿಸಿಕೊಳ್ಳಿ.

ಪತ್ರ ನಿಮಗೆ ತಲುಪುತ್ತಿರುವುದು ಹಿಂದಂಚೆಯಿಂದ. ಅಂದರೆ ಹಿಂದಕ್ಕೆ ಹೋಗುವ ಅಂಚೆ. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಪತ್ರ, ಅದೂ ಸ್ವಂತ ರಕ್ತದ ಹಿರಿಯರಿಗೆ ಮಾತ್ರ. ಚಿನ್ನದ ದರ, ಚುನಾವಣೆಯ ಫಲಿತಾಂಶ, ಕ್ರಿಕೆಟ್ಟಿನಲ್ಲಿ ಯಾರು ಗೆದ್ದರು ಎಂಬುದನ್ನೆಲ್ಲ ಬರೆದರೆ ದಾರಿಯಲ್ಲೇ ಅಕ್ಷರ ಅಳಿಸಿಹೋಗುತ್ತದೆ. ಭತ್ತದ ಬಗ್ಗೆ ಬರೆದರೆ ಅಳಿಸುವುದಿಲ್ಲ. ಅದರಿಂದ ಯಾರೂ ದಿಢೀರನೆ ಶ್ರೀಮಂತರಾದ ದಾಖಲೆ ಹಿಂದಂಚೆ ಇಲಾಖೆಯ ಬಳಿ ಇಲ್ಲವಂತೆ. ನಿಜ ಹೇಳಬೇಕೆಂದರೆ, ನನ್ನ ಪಾಲಿನ ಒಂದು ಪತ್ರವನ್ನು ನಾನು ಬೇರೆ ಕೆಲಸಕ್ಕೆ ಎತ್ತಿಟ್ಟಿದ್ದೆ. ಉಪ್ಸಾರಿನ ಖಾರವನ್ನು ನಮ್ಮ ಮುತ್ತಜ್ಜಿ ಹೇಗೆ ಅರೆಯುತ್ತಿದ್ದಳೆಂಬುದು ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮರೆತುಹೋಗಿದೆ. ಅದನ್ನು ಕೇಳಬೇಕೆಂದು ನಲವತ್ತು ವರ್ಷ ಕಾದವನು ನಾನು. ಈಗ ಆ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ ಎಂದರೆ ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂದು ಊಹಿಸಿ.

ನಿಮ್ಮ ನೋಟ್‌ಬುಕ್ಕಿನ ವಿಷಯ ಹೇಳಿದೆನಲ್ಲ. ಹೊಂಗನಹಳ್ಳಿಯ ಸರ್ಕಾರಿ ಭತ್ತದ ಪ್ರಯೋಗದ ತಾಕಿನಲ್ಲಿ ಬೆಂಕಿ ರೋಗದ ಪಾತಿ ನೋಡಿಕೊಳ್ಳುವ ಕೆಲಸದಾಕೆಯಾಗಿ ನೀವು ಬರೆದಿಟ್ಟ ಆ ಹಸಿರು ರಟ್ಟಿನ ಪುಸ್ತಕ ನಮ್ಮ ಮನೆಯಲ್ಲಿ ಈಗಲೂ ಇದೆ. ಮೂಲ ಪ್ರತಿ ಪುಡಿಯಾಗಿದೆ, ಮೂರನೇ ನಕಲು ನನ್ನ ಮುಂದಿದೆ. ಎಲೆ ಚೊಕ್ಕಟವಾಗಿದ್ದರೆ ಸೊನ್ನೆ, ಪೂರ್ತಿ ಸುಟ್ಟಂತಾದರೆ ಒಂಬತ್ತು, ನಡುವೆ ಉಳಿದದ್ದು. ಹೀಗೆ ಸಾಲು ಸಾಲಿಗೂ ಅಂಕ ಕೊಟ್ಟಿದ್ದೀರಿ. ಅಲ್ಲಿಗೇ ನಿಲ್ಲಿಸಲಿಲ್ಲ. ಒಂದು ಪುಟದಲ್ಲಿ 'ಪಾಪುಗೆ ಜ್ವರ. ಬೆಳಿಗ್ಗೆ 5. ಸಂಜೆ ಗಂಜಿ ಕುಡಿದಳು, 1' ಎಂದು ಬರೆದಿದ್ದೀರಿ. ಆ ಪಾಪುವಿನ ಸಂತಾನವೇ ನಾವು. ನಿಮಗೆ ತಿಳಿದಿರಲಿ, ಈ ಅಂಕ ಈಗ ನಮ್ಮ ಊರಿನ ಕುಶಲೋಪರಿಯಾಗಿದೆ. ದಾರಿಯಲ್ಲಿ ಯಾರಾದರೂ ಎದುರಾದರೆ "ಎಷ್ಟಪ್ಪಾ?" ಎನ್ನುತ್ತೇವೆ. "ಎಲ್ಡು" ಎಂದರೆ ಪರವಾಗಿಲ್ಲ ಎಂದರ್ಥ. "ಆರು" ಎಂದರೆ ನಿಂತು ಕೇಳಬೇಕು. ನನ್ನ ಹೆಂಡತಿ, ದೇವರು ಅವಳಿಗೆ ಒಳ್ಳೆಯದು ಮಾಡಲಿ, ಮೂವತ್ತೈದು ವರ್ಷದ ಸಂಸಾರದಲ್ಲಿ ನನಗೆ ಒಮ್ಮೆ ಮಾತ್ರ ಸೊನ್ನೆ ಕೊಟ್ಟಳು. ಅದೂ ನಾನು ವಾರವಿಡೀ ಊರಲ್ಲಿರಲಿಲ್ಲವೆಂಬ ಖುಷಿಗೆ ಎಂದು ಆಮೇಲೆ ತಿಳಿಯಿತು.

ಆ ಪುಸ್ತಕದ ನಾಯಕಿ ನೀವಲ್ಲ, ಅಳುಬುರುಕಿ. ಸರ್ಕಾರಿ ಕಡತದಲ್ಲಿ ಅದಕ್ಕೆ ಯಾವುದೋ ಅಕ್ಷರ, ಸಂಖ್ಯೆ ಇದ್ದಿರಬಹುದು. ತಾಕಿನ ಹೆಂಗಸರು ಇಟ್ಟ ಹೆಸರು ಅಳುಬುರುಕಿ. ಗಾಳಿ ತಗುಲಿದರೆ ಕಾಯಿಲೆ ಬೀಳುವ ಭತ್ತ. ವಿಜ್ಞಾನಿಗಳು ಬೇರೆ ಬೇರೆ ತಳಿಗಳನ್ನು ಸಾಲಾಗಿ ನೆಟ್ಟು, ಸುತ್ತಲೂ ಅಂಚಿಗೆ ಇದನ್ನು ನೆಡಿಸುತ್ತಾರೆ. ನೀವು ಅದಕ್ಕೆ ಜಾಸ್ತಿ ಯೂರಿಯಾ ಕೊಟ್ಟು, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ, ಪ್ಲಾಸ್ಟಿಕ್ ಹೊದಿಸಿ, ಮುದ್ದು ಮಾಡಿ ಕಾಯಿಲೆ ಬರಿಸುತ್ತೀರಿ. ಅದಕ್ಕೆ ಬಂದ ಬೆಂಕಿ ರೋಗ ನಡುವಿನ ಸಾಲುಗಳಿಗೆ ಹಬ್ಬುತ್ತದೆ. ಆಗ ಯಾವ ತಳಿ ತಡೆಯಿತು, ಯಾವುದು ಮಲಗಿತು ಎಂದು ತಿಳಿಯುತ್ತದೆ. ಗೆದ್ದ ತಳಿಯ ಜೊತೆ ವಿಜ್ಞಾನಿಗಳು ಫೋಟೋ ತೆಗೆಸಿಕೊಳ್ಳುತ್ತಾರೆ. ಅಳುಬುರುಕಿಯ ಫೋಟೋ ಯಾರ ಬಳಿಯೂ ಇಲ್ಲ. ನಿಮ್ಮನ್ನು ಕಂಡರೆ ಉಳಿದ ಹೆಂಗಸರು "ಏನ್ ಕೋಮ್ಲಾ, ನಿನ್ ಮಕ್ಳೆಲ್ಲಾ ಚೆಂದಾಗಿ ಕಾಯ್ಲೆ ಬಿದ್ದವಾ?" ಎಂದು ರೇಗಿಸುತ್ತಿದ್ದರೆಂದು ನೀವೇ ಬರೆದುಕೊಂಡಿದ್ದೀರಿ. ಪಕ್ಕದಲ್ಲಿ '4' ಎಂದು ಅಂಕವನ್ನೂ ಹಾಕಿದ್ದೀರಿ. ಅವತ್ತು ನಿಮಗೆ ಬೇಜಾರಾಗಿತ್ತು ಎಂದು ತಿಳಿದುಕೊಳ್ಳುತ್ತೇನೆ.

ಪುಸ್ತಕದ ಕೊನೆಯ ಪುಟದಲ್ಲಿ ಎರಡೇ ಸಾಲು ಇದೆ. 'ಹೊಸ ಸಾಹೇಬ್ರು ಬೀಜದ ರೂಮು ಖಾಲಿ ಮಾಡಿಸ್ತಾರಂತೆ. ಸೋಮವಾರ ಅಳುಬುರುಕೀನ ಗುಂಡಿಗೆ ಹಾಕು ಅಂದ್ರು.' ಅದರಾಚೆಯ ಹಾಳೆಗಳು ಸಿಕ್ಕಿಲ್ಲ. ನಾನು ಬರೆಯುತ್ತಿರುವುದು ಆ ಸೋಮವಾರಕ್ಕೆ ಮುಂಚೆ ನಿಮಗೆ ಮುಟ್ಟಲಿ ಎಂದು.

ಈಗ ಅಳುಬುರುಕಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಹೇಳಬೇಕು. ಅದಕ್ಕೆ ಸ್ವಲ್ಪ ಜೀನ್ ವಿಚಾರ ಬರುತ್ತದೆ. ಹೆದರಬೇಡಿ, ನಮ್ಮ ಊರಿನಲ್ಲಿ ಇದನ್ನು ಮೀಸೆಯ ಲೆಕ್ಕದಲ್ಲಿ ಕಲಿಸುತ್ತಾರೆ. ಬೆಂಕಿ ರೋಗ ತರುವುದು ಒಂದು ಬೂಷ್ಟು, ನಿಮ್ಮ ಸಾಹೇಬರು ಶಿಲೀಂಧ್ರ ಎನ್ನುತ್ತಾರೆ. ಅದೊಬ್ಬ ಕಳ್ಳ ಎಂದಿಟ್ಟುಕೊಳ್ಳಿ. ಅವನಿಗೊಂದು ದಪ್ಪ ಮೀಸೆ. ಮೀಸೆ ಶೋಕಿಗಲ್ಲ, ಎಲೆಯ ಬಾಗಿಲು ಮೀಟಲು ಅವನಿಗೆ ಅದೇ ಸಾಧನ. ರೋಗ ತಡೆಯುವ ಭತ್ತದೊಳಗೆ ಒಂದು ಜೀನ್ ಇರುತ್ತದೆ. ಅದು ಕಾವಲುಗಾರ. ಅವನಿಗೆ ಕಳ್ಳನ ಮುಖ ಗೊತ್ತಿಲ್ಲ, ಮೀಸೆ ಮಾತ್ರ ಗೊತ್ತು. ಮೀಸೆ ಕಂಡ ಕೂಡಲೇ ಕೂಗು ಹಾಕುತ್ತಾನೆ. ಎಲೆ ತನ್ನದೇ ಒಂದು ಚೂರು ಜಾಗವನ್ನು ತಾನೇ ಒಣಗಿಸಿ ಕಳ್ಳನನ್ನು ಅಲ್ಲೇ ಕೂಡಿಹಾಕುತ್ತದೆ. ಒಳ್ಳೆಯ ಏರ್ಪಾಡು. ಆದರೆ ಯಾವನೋ ಒಬ್ಬ ಕಳ್ಳ ಮೀಸೆ ಬೋಳಿಸಿಕೊಂಡು ಬಂದನೆನ್ನಿ, ಕಾವಲುಗಾರ ಎದ್ದು ನಿಂತು "ಬನ್ನಿ ಸಾರ್" ಎನ್ನುತ್ತಾನೆ.

ಇದಕ್ಕೆ ನಮ್ಮವರು ಒಂದೇ ಭತ್ತದೊಳಗೆ ಐದು ಕಾವಲುಗಾರರನ್ನು ಕೂರಿಸಿದರು. ಒಬ್ಬ ಮೀಸೆ ನೋಡುತ್ತಾನೆ, ಒಬ್ಬ ಗಡ್ಡ, ಒಬ್ಬ ಚಪ್ಪಲಿ, ಹೀಗೆ. ಆ ತಳಿಯ ಹೆಸರು ನೆಮ್ಮದಿ. ಎಪ್ಪತ್ತು ವರ್ಷ ನಮ್ಮ ಊರಿನ ಬಯಲೆಲ್ಲ ನೆಮ್ಮದಿಯೇ. ಹಾಗಿದ್ದೂ ನಮ್ಮ ಬಯಲಿನ ಸುತ್ತ ಎಂಟು ಸಾಲು ಅಳುಬುರುಕಿ ನೆಡಬೇಕೆಂಬ ಕಟ್ಟಳೆ ಇತ್ತು. ಯಾಕೆಂದರೆ ಮೀಸೆ ಬೋಳಿಸಿದ ಕಳ್ಳ ಒಳಗೆ ನುಗ್ಗಬಲ್ಲನಾದರೂ ಸಾಧನ ಕಳೆದುಕೊಂಡ ಬಡಪಾಯಿ. ಕಾವಲೇ ಇಲ್ಲದ ಅಳುಬುರುಕಿಯ ಮನೆಯಲ್ಲಿ ಮೀಸೆಯವನು ಅವನಿಗಿಂತ ಜೋರಾಗಿ ಬಾಳುತ್ತಾನೆ, ಮಕ್ಕಳು ಮರಿ ಮಾಡುತ್ತಾನೆ, ಬೋಳಿಸಿದವನ ಸಂತತಿ ಮೂಲೆಗುಂಪಾಗುತ್ತದೆ. ಮೀಸೆ ಇಟ್ಟವನಿಗೂ ಊರಿನಂಚಿನಲ್ಲಿ ಒಂದು ಗುಡಿಸಲು ಬಿಟ್ಟುಕೊಟ್ಟರೆ ಮೀಸೆ ಊರಿನ ಫ್ಯಾಷನ್ ಆಗಿಯೇ ಉಳಿಯುತ್ತದೆ. ನಮ್ಮ ಕಾವಲುಗಾರರ ಕೆಲಸವೂ ಉಳಿಯುತ್ತದೆ. ಇಷ್ಟೇ ಗುಟ್ಟು.

ಹೀಗೆ ಅಂಚಿನ ಸಾಲು ನೆಟ್ಟು ಕಾಪಾಡುವ ಹುದ್ದೆಗೆ ಅಂಚುಗಾರಿಕೆ ಎಂದು ಹೆಸರು. ನಮ್ಮ ಊರಿನ ಅಂಚುಗಾರ ನಾನು. ನನಗೆ ಮುಂಚೆ ನಮ್ಮ ತಾಯಿ, ಅವಳಿಗೆ ಮುಂಚೆ ಅವಳ ತಾಯಿ. ಬಿಸಿಲಿನ ಕಾಟಕ್ಕೆ ನಮ್ಮ ಗದ್ದೆಗಳ ಮೇಲೆಲ್ಲ ನೆರಳುಪರದೆ ಇದೆ, ಹನ್ನೊಂದಕ್ಕೆ ಬಿಚ್ಚಿಕೊಂಡು ನಾಲ್ಕಕ್ಕೆ ಸುತ್ತಿಕೊಳ್ಳುವ ದೊಡ್ಡ ಬಟ್ಟೆ. ಆ ಹೊತ್ತಿನಲ್ಲಿ ಇಡೀ ಊರು ಮಲಗುತ್ತದೆ. ಎಚ್ಚರವಿರುವುದು ಅಂಚುಗಾರ ಒಬ್ಬನೇ, ಎಲೆ ತಿರುವಿ ತಿರುವಿ ಕಣ್ಣಿನಾಕಾರದ ಚುಕ್ಕೆ ಎಣಿಸುತ್ತಾ. ಇದಕ್ಕೆ ಯಂತ್ರವಿಲ್ಲವೇ ಎಂದು ಕೇಳುತ್ತೀರಿ. ಇದೆ. ಗಾಳಿಜರಡಿ ಎಂಬ ಯಂತ್ರ ಗಾಳಿಯಲ್ಲಿ ತೇಲುವ ಬೂಷ್ಟಿನ ಕಣಗಳನ್ನು ಸೋಸಿ ಎಣಿಸಿ 'ಎಲ್ಲ ಕ್ಷೇಮ' ಎಂದು ದಿನಾ ಕೂಗುತ್ತದೆ. ಆರು ವರ್ಷದಿಂದ ಅದು ಹಾಗೆ ಕೂಗುತ್ತಿದ್ದದ್ದು ಒಳಗೆ ಜೇಡ ಬಲೆ ಕಟ್ಟಿದ್ದರಿಂದ ಎಂದು ನಮಗೆ ಗೊತ್ತಾದದ್ದು ಹೋದ ತಿಂಗಳು.

ನನ್ನ ತಪ್ಪು ಇನ್ನು ಶುರುವಾಗುತ್ತದೆ. ನೀರು ಕುಡಿದು ಬಂದು ಬರೆಯುತ್ತಿದ್ದೇನೆ.

ನಿಮ್ಮ ಕಾಲದಲ್ಲಿ ಮದುವೆಗೆ ಮುಂಚೆ ಹೆಣ್ಣು ನೋಡುತ್ತಿದ್ದರಂತೆ. ಹುಡುಗಿ ಕಾಫಿ ತಂದುಕೊಟ್ಟು ತಲೆ ಬಗ್ಗಿಸಿ ನಿಲ್ಲುವುದು ಇತ್ಯಾದಿ. ಅದನ್ನು ಓದಿ ನಾವು ನಗುತ್ತೇವೆ. ನಮ್ಮಲ್ಲಿ ಗದ್ದೆ ನೋಡುತ್ತಾರೆ. ಗಂಡಿನ ಕಡೆಯವರು ಹೆಣ್ಣಿನ ಮನೆಯವರ ಗದ್ದೆಗೆ, ಹೆಣ್ಣಿನ ಕಡೆಯವರು ಗಂಡಿನವರ ಗದ್ದೆಗೆ ಹೋಗಿ, ಬದುವಿನ ಮೇಲೆ ಕೂತು, ಚಕ್ಕುಲಿ ತಿಂದು, ಅಂಕ ಕೊಟ್ಟು ಬರುತ್ತಾರೆ. ಹುಡುಗ ಹುಡುಗಿ ಮೊದಲೇ ಒಪ್ಪಿಕೊಂಡಿರುತ್ತಾರೆ, ಅದು ಬೇರೆ ಮಾತು. ಅಂಕ ಮೂರರೊಳಗಿದ್ದರೆ ಸಂಬಂಧ ಕುದುರಿತು. ನನ್ನ ಮೊಮ್ಮಗಳು ಈರಾಜಿ, ನಾಲೆಯ ನೀರು ಹಂಚುವ ಕೆಲಸದವಳು, ಆಲದಕೆರೆಯ ಹುಡುಗನನ್ನು ಒಪ್ಪಿದಳು. ಆ ಹುಡುಗನ ಅಜ್ಜಿ ಮಂಚಮ್ಮ ಗದ್ದೆ ನೋಡಲು ಬಂದರು. ಎಪ್ಪತ್ತು ದಾಟಿದ ಹೆಂಗಸು, ಕನ್ನಡಕವಿಲ್ಲದೆ ಬದುವಿನ ಆಚೆಯ ಬಸವನಹುಳು ಗಂಡೋ ಹೆಣ್ಣೋ ಹೇಳುವವರು.

ಬಂದವರು ಬಯಲಿನ ಅಂಚಿನಲ್ಲೇ ನಿಂತುಬಿಟ್ಟರು. ಅಂಚಿನಲ್ಲಿ ಏನಿರುತ್ತದೆ? ಅಳುಬುರುಕಿ. ಅದು ಆಗ ಚೆನ್ನಾಗಿ ಕಾಯಿಲೆ ಬಿದ್ದು ಏಳರ ಮೇಲಿತ್ತು.

"ಏನಪ್ಪಾ ಇದು, ಬೀಗ್ರು ಬತ್ತಾರೆ ಅಂತ ಗದ್ದೆಗೆ ಬೆಂಕಿ ಇಕ್ಕಿದ್ದೀಯಾ?" ಎಂದರು.

"ಅದು ಅಂಚು ಕನ ತಾಯಿ. ಒಳಗಡೆ ನೋಡಿ, ಮೂರು."

"ಮೂರಾ? ನನ್ ಕಣ್ಗೆ ಐದು."

"ಮೂರು ತಾಯಿ!"

"ಐದು ಅಂದ್ರೆ ಐದು. ಮುಂದಿನ್ ಬೆಳೆಗೆ ಬತ್ತೀನಿ, ಸರಿಯಾಗಿ ಮಡಗಿರು," ಎಂದು ಚಕ್ಕುಲಿಯನ್ನೂ ಮುಟ್ಟದೆ ಎದ್ದರು.

ಬರೀ ಎರಡು ಅಂಕದ ಹಟ ಮನುಷ್ಯನನ್ನು ಏನು ಮಾಡುತ್ತದೆ ಎಂಬುದು ನಿಮಗೆ ಗೊತ್ತಿಲ್ಲದ್ದಲ್ಲ ಕೋಮಲಜ್ಜಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮುಂದಿನ ಬೆಳೆಗೆ ನಾನು ಯಾರಿಗೂ ಹೇಳದೆ ಅಂಚಿನ ಎಂಟು ಸಾಲಿಗೂ ನೆಮ್ಮದಿಯನ್ನೇ ನೆಟ್ಟೆ. ಬಯಲು ಅಂಚಿನಿಂದ ಅಂಚಿಗೆ ಹಸಿರು ರೇಷ್ಮೆ ಹಾಸಿದಂತಾಯಿತು. ದಾರಿಹೋಕರು ನಿಂತು ನೋಡತೊಡಗಿದರು. ಮಂಚಮ್ಮನವರಿಗೆ ಆ ಬೆಳೆಯಲ್ಲಿ ಶೀತವಾಗಿ ಬರಲಾಗಲಿಲ್ಲ. ಅದರ ಮುಂದಿನ ಬೆಳೆಗೂ ಹಾಗೇ ನೆಟ್ಟೆ. ಆಗ ಅವರ ಊರಿನಲ್ಲಿ ಯಾರದೋ ಬಾಣಂತನ. ಮೂರನೆಯ ಬೆಳೆಗೂ ನೆಟ್ಟೆ, ಆಗ ಬಂದರು. ನಮ್ಮಲ್ಲಿ ವರ್ಷಕ್ಕೆ ಮೂರು ಬೆಳೆ. ಅಂದರೆ ವರ್ಷಪೂರ್ತಿ ಮೀಸೆಯ ಕಳ್ಳನಿಗೆ ನಮ್ಮ ಊರಿನಲ್ಲಿ ಗುಡಿಸಲಿರಲಿಲ್ಲ. ಅವನು ಏನು ಮಾಡಿದ ಎಂದು ನಾನು ಆಗ ಯೋಚಿಸಲಿಲ್ಲ. ಮಂಚಮ್ಮನವರು ಬದುವಿನ ಮೇಲೆ ಕೂತು ಬಹಳ ಹೊತ್ತು ನೋಡಿ "ಎಲ್ಡು" ಎಂದದ್ದಷ್ಟೇ ನನ್ನ ಕಿವಿಯಲ್ಲಿತ್ತು.

ಅಂದು ಸಂತೋಷಕ್ಕೆ ಇನ್ನೊಂದು ಕೆಲಸ ಮಾಡಿದೆ. ಬಿತ್ತದೆ ಉಳಿದಿದ್ದ ಅಳುಬುರುಕಿಯ ಬೀಜ ಒಂದು ಮಡಕೆಯಷ್ಟು ಅಟ್ಟದ ಮೇಲಿತ್ತು. ಯಾರಾದರೂ ನೋಡಿ ಇದು ಇಲ್ಲೇಕಿದೆ, ಅಂಚಿನಲ್ಲಿ ಏಕಿಲ್ಲ ಎಂದು ಕೇಳಿದರೆ? ಕುಟ್ಟಿಸಿ ಅಕ್ಕಿ ಮಾಡಿಸಿ ಬೀಗರಿಗೆ ಪಾಯಸ ಮಾಡಿಸಿಬಿಟ್ಟೆ. ಎರಡೂವರೆ ಶತಮಾನ ನಮ್ಮ ಮನೆಯ ಹೆಣ್ಣುಮಕ್ಕಳು ಬಿತ್ತಿ, ಕೊಯ್ದು, ಎತ್ತಿಟ್ಟ ಬೀಜ ಹನ್ನೆರಡು ಬಟ್ಟಲು ಪಾಯಸವಾಯಿತು. ಮಂಚಮ್ಮನವರು ಮೊದಲ ತುತ್ತಿಗೇ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಏನೋ ಕೇಳಲು ಹೊರಟವರು ಬಟ್ಟಲು ಮುಂದೆ ಚಾಚಿ, ಎರಡು ಸಲ ಬಡಿಸಿಕೊಂಡು ಉಂಡರು. ಮೆಚ್ಚಿದರು ಎಂದು ನಾನು ಹಿಗ್ಗಿದೆ.

ತೆನೆ ಹೊರಬಿದ್ದ ಹತ್ತನೇ ದಿನ ಬೆಳಿಗ್ಗೆ ಬಯಲಿಗೆ ಹೋದೆ. ತೆನೆಯೆಲ್ಲ ಬೆಳ್ಳಗಿತ್ತು. ಮಾಗಿದ ಬಿಳುಪಲ್ಲ ಅಜ್ಜಿ, ಸತ್ತ ಬಿಳುಪು. ಪ್ರತಿ ತೆನೆಯ ಕತ್ತಿನಲ್ಲೂ ಕಪ್ಪು ಉಂಗುರ. ನೀವು ನೋಟ್‌ಬುಕ್ಕಿನಲ್ಲಿ 'ಕುತ್ತಿಗೆ ಬೆಂಕಿ' ಎಂದು ಬರೆದು ಎರಡು ಸಲ ಅಡಿಗೆರೆ ಎಳೆದದ್ದು ಅದನ್ನೇ. ಕಾಳು ತುಂಬಿದ ತೆನೆ ಗಾಳಿಗೆ ಭಾರವಾಗಿ ತೂಗುತ್ತದೆ. ಅವತ್ತು ಇಡೀ ಬಯಲು ಹಗುರವಾಗಿ, ಒಣಹುಲ್ಲಿನಂತೆ ಸರಸರ ಎನ್ನುತ್ತಿತ್ತು. ಮೂರು ಬೆಳೆಯಲ್ಲಿ ಕಳ್ಳರೆಲ್ಲ ಬೋಳಿಸಿಕೊಂಡಿದ್ದರು. ಮೀಸೆ, ಗಡ್ಡ, ಚಪ್ಪಲಿ, ಯಾವುದೂ ಇಲ್ಲ. ಐದು ಕಾವಲುಗಾರರೂ ಎದ್ದು ನಿಂತು ಬನ್ನಿ ಎಂದಿದ್ದರು. ಅಂಚಿನಲ್ಲಿ ಅಳುಬುರುಕಿ ಇದ್ದಿದ್ದರೆ ಅದರ ಪಕ್ಕದ ನೆಮ್ಮದಿಯ ಸಾಲಿನಲ್ಲಿ ಮೊದಲ ಚುಕ್ಕೆ ಬಿದ್ದಾಗಲೇ ನನಗೆ ಗೊತ್ತಾಗುತ್ತಿತ್ತು. ನಾನು ಅಂಚನ್ನು ನೋಡುವುದನ್ನೇ ಬಿಟ್ಟಿದ್ದೆ. ನೋಡಲು ಅಲ್ಲಿ ಏನಿತ್ತು, ಬರೀ ಅಂದ.

ಊರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಈ ವರ್ಷ ಮನೆಮನೆಯಲ್ಲೂ ಮೂರು ಹೊತ್ತೂ ರಾಗಿಮುದ್ದೆ. ಮಂಡ್ಯ ಸೀಮೆಯವರಿಗೆ ಮುದ್ದೆ ಒಂದು ಶಿಕ್ಷೆಯೇ ಎಂದು ನೀವು ನಗಬಹುದು. ಶಿಕ್ಷೆಯಲ್ಲ, ನಿಜ. ಆದರೆ ಹಬ್ಬದ ದಿನವೂ ಅನ್ನವಿಲ್ಲದೆ, ಮಕ್ಕಳು ತಟ್ಟೆಯ ಮುಂದೆ ಕೂತು ಯಾವಾಗ ಬಡಿಸುತ್ತಾರೆ ಎಂದು ಕಾಯುವುದನ್ನು ನೋಡಬೇಕಾಗುತ್ತದಲ್ಲ, ಅದೇ ಶಿಕ್ಷೆ. ಈರಾಜಿ ಒಂದೇ ಮಾತು ಅಂದಳು. "ತಾತ, ನನ್ ಮದ್ವೆಗೆ ಅಂತ ಊರಿನ್ ಅನ್ನಾನೇ ಕೊಟ್ಬುಟ್ಟೆಯಲ್ಲ." ಅಂದು ಹೋಗಿ ನಾಲೆಯ ತೂಬಿನ ಮೇಲೆ ಕೂತಳು. ಆಲದಕೆರೆಯಿಂದ ಮಂಚಮ್ಮನವರು ಹೇಳಿಕಳಿಸಿದರು: ಸುಳ್ಳು ಹೇಳಿದ ಗದ್ದೆಯ ಸಂಬಂಧ ಬೇಡ, ಮದುವೆ ನಿಲ್ಲಲಿ.

ಹೊಸ ಕಾವಲುಗಾರರನ್ನು ಕೂರಿಸಿದ ಬೀಜ ಬರುವ ಬೆಳೆಗೆ ಸಿಗುತ್ತದಂತೆ. ಆದರೆ ಅಂಚಿಗೆ ಅಳುಬುರುಕಿ ಇಲ್ಲದೆ ಅದನ್ನು ಬಿತ್ತಿದರೆ ಮತ್ತೆ ಇದೇ ಕಥೆ. ಬೀಜಮನೆಗಳಿಗೆಲ್ಲ ಕೇಳಿ ಕಳಿಸಿದೆವು. ಸಾವಿರಾರು ತಳಿ ಇವೆ, ಎಲ್ಲವೂ ಗೆದ್ದವು. ಎಲ್ಲದರೊಳಗೂ ಒಬ್ಬನಾದರೂ ಕಾವಲುಗಾರ ಇದ್ದಾನೆ. ಸೋಲುವುದಕ್ಕೆಂದೇ ಇರುವ ಭತ್ತವನ್ನು ಯಾರೂ ಎತ್ತಿಟ್ಟಿಲ್ಲ. ಅದನ್ನು ಎತ್ತಿಟ್ಟ ಮನೆ ಈ ಲೋಕದಲ್ಲಿ ಒಂದೇ ಇತ್ತು. ಆ ಮನೆಯ ಮೊಮ್ಮಗ ಪಾಯಸ ಮಾಡಿದ.

ಅದಕ್ಕೇ ಈ ಅರ್ಜಿ. ಸೋಮವಾರ ಸಾಹೇಬರು ಅಳುಬುರುಕಿಯನ್ನು ಗುಂಡಿಗೆ ಹಾಕು ಎಂದಾಗ ನೀವು ಒಂದು ಹಿಡಿ ಸೆರಗಿಗೆ ಕಟ್ಟಿಕೊಂಡಿರಿ ಎಂದು ನನಗೆ ಗೊತ್ತು. ಇಲ್ಲದಿದ್ದರೆ ನಮ್ಮ ಮನೆಗೆ ಅದು ಬರುತ್ತಿರಲಿಲ್ಲ. ನಾನು ಕೇಳುವುದು ಇನ್ನೂ ಒಂದು ಹಿಡಿ. ಅದನ್ನು ನಮ್ಮ ಮನೆಯಲ್ಲಿ ಇಡಬೇಡಿ. ನಮ್ಮ ಮನೆಯಲ್ಲಿ ಮುಂದೊಂದು ದಿನ ಅಂಕನಾಥ ಎಂಬ ದಡ್ಡ ಹುಟ್ಟಲಿದ್ದಾನೆ. ಆ ಎರಡನೇ ಹಿಡಿಯನ್ನು ಪ್ರೇಮಾ ಅವರಿಗೆ ಕೊಡಿ.

ಹೌದು, ಅದೇ ಪ್ರೇಮಾ. ತಾಕಿನಲ್ಲಿ ನಿಮ್ಮ ಜೊತೆ ಕೆಲಸ ಮಾಡುವ, ನೀವು ನಾಲ್ಕು ತಿಂಗಳಿನಿಂದ ಮಾತು ಬಿಟ್ಟಿರುವ ಪ್ರೇಮಾ. 'ಹದಿನಾಲ್ಕನೇ ಸಾಲು 3. ಪ್ರೇಮಾ 5 ಅಂತಾಳೆ. ಅವಳ ಕಣ್ಣಿಗೆ ಪೊರೆ ಬಂದಿದೆ' ಎಂದು ನೀವು ಬರೆದ ಪುಟ ನನ್ನ ಮುಂದಿದೆ. ಆಮೇಲಿನ ಪುಟಗಳಲ್ಲಿ ಇಬ್ಬರೂ ಒಂದೇ ಹೊಂಗೆಮರದ ಕೆಳಗೆ ಬೆನ್ನಿಗೆ ಬೆನ್ನು ಮಾಡಿ ಬುತ್ತಿ ಬಿಚ್ಚುತ್ತೀರಿ. ಅವರ ಡಬ್ಬಿಯಲ್ಲಿ ಏನಿತ್ತೆಂದು ಮಾತ್ರ ದಿನಾ ಬರೆದಿದ್ದೀರಿ. ತಾಕಿನಲ್ಲಿ ನಿಮ್ಮಷ್ಟೇ ಕಣ್ಣಿಟ್ಟು ಎಲೆ ನೋಡುವವರು ಅವರೊಬ್ಬರೇ, ಇಲ್ಲದಿದ್ದರೆ ಎರಡು ಅಂಕಕ್ಕೆ ಯಾರು ಜಗಳವಾಡುತ್ತಾರೆ? ವರ್ಷಕ್ಕೊಂದು ಸಲ ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬುಡ ನೆಟ್ಟು ಬೀಜ ಹೊಸದು ಮಾಡಿಕೊಳ್ಳಲಿ. ಅಷ್ಟು ಸಾಕು.

ಇಷ್ಟು ಬರೆದು ಸಹಿ ಹಾಕಬೇಕೆನ್ನುವಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮಂಚಮ್ಮನವರು. ಬಿಸಿಲಲ್ಲಿ ಆಲದಕೆರೆಯಿಂದ ನಡೆದೇ ಬಂದಿದ್ದರು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ನಾನು ಎದ್ದು ನಿಂತೆ. ಅವರು ಕೂತರು.

"ಎಷ್ಟಪ್ಪಾ?" ಎಂದರು.

"ಒಂಬತ್ತು ತಾಯಿ," ಎಂದೆ.

"ಕಾಣ್ತಾ ಐತೆ. ಅಲ್ಲಾ, ಆವತ್ತು ಪಾಯ್ಸ ಮಾಡ್ಸಿದ್ಯಲ್ಲ, ಆ ಅಕ್ಕಿ ನಿನ್ಗೆ ಎಲ್ಲಿಂದ ಬಂತು? ಉಣ್ವಾಗ್ಲೇ ಅಂದ್ಕಂಡೆ, ಇದು ನಮ್ಮನೇದು, ಇವ್ನ ಮನೆಗೆ ಎಂಗೆ ಬಂತು ಅಂತ. ನಿದ್ದೆ ಬತ್ತಿಲ್ಲ ನಂಗೆ."

ಗಂಟು ಬಿಚ್ಚಿದರು. ಒಂದು ಹಿಡಿ ಭತ್ತ. ಸಣ್ಣ ಕಾಳು, ತುದಿಯಲ್ಲಿ ಚೂರು ಕೆಂಪು. ನಾನು ಪಾಯಸ ಮಾಡಿದ ಅಳುಬುರುಕಿಯೇ. ಅವರ ಮನೆಯಲ್ಲಿ ಬಚ್ಚಲ ಪಕ್ಕ ನಾಲ್ಕು ಬುಡ ಬೆಳೆಯುತ್ತಾರಂತೆ, ಯಾವ ಕಾಲದಿಂದಲೋ. ಮನೆಯಲ್ಲಿ ಮಗುವಿಗೆ ಮೊದಲ ತುತ್ತು ಅನ್ನ ಕೊಡುವುದು ಅದರಿಂದಲೇ ಅಂತೆ.

"ಇದರ ಹೆಸರೇನು ತಾಯಿ?" ಎಂದೆ.

"ಕೋಮಲಿ. ಯಾಕೋ ಏನೋ. ಒಂದ್ ಮಾತು ಅನ್ನಾಕೂ ಮುಂಚೆ ಕಾಯ್ಲೆ ಬೀಳ್ತದೆ, ಸುಮ್‌ಸುಮ್ನೆ ಮುನಿಸ್ಕತದೆ, ಆದ್ರೂ ಬುಡಕ್ಕಾಗಕಿಲ್ಲ ಅಂತ ನಮ್ಮಮ್ಮ ಅಂತಿದ್ಲು."

ನಾನು ನಿಮ್ಮ ನೋಟ್‌ಬುಕ್ಕನ್ನು ಅವರ ಮುಂದಿಟ್ಟು ಹದಿನಾಲ್ಕನೇ ಸಾಲಿನ ಪುಟ ತೆರೆದೆ. ಅವರು ಓದಿದರು, ಪ್ರೇಮಾ ಎಂಬ ಹೆಸರಿನ ಮೇಲೆ ಬೆರಳಿಟ್ಟು, "ನಮ್ ಮನೇಲಿ ಐದು ಅಂದ್ರೆ ಐದೇ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಮದುವೆಯ ವಿಷಯ ಅಷ್ಟರಲ್ಲಿ ಒಳಗಿಂದ ಬಂದ ಈರಾಜಿಯೇ ಕೇಳಿದಳು. "ಮೊದ್ಲು ಅಂಚು ನೆಡ್ರವ್ವಾ," ಎಂದರು ಮಂಚಮ್ಮ. "ಅದು ಚೆಂದಾಗಿ ಕಾಯ್ಲೆ ಬೀಳ್ಲಿ. ಆಮೇಲ್ ಮದ್ವೆ."

ಒಂದು ಸಣ್ಣತನವನ್ನೂ ಒಪ್ಪಿಕೊಳ್ಳಬೇಕು. ಬೀಜ ಸಿಕ್ಕಿತಲ್ಲ, ಇನ್ನು ಈ ಪತ್ರ ಏಕೆ ಹಾಕಬೇಕು, ಉಪ್ಸಾರಿಗೆ ಉಳಿಸಿಕೊಳ್ಳೋಣ ಎಂದು ಒಂದು ಗಳಿಗೆ ಆಸೆಯಾಯಿತು. ಈರಾಜಿ ಗಂಟನ್ನು ನನ್ನ ಕೈಯಿಂದ ಕಿತ್ತು ಮಡಿಲಿಗೆ ಹಾಕಿಕೊಂಡಳು. "ತಾತ, ನೀನು ಆಕ್ದೇ ಇದ್ರೆ ಇದು ಇರಾಕಿಲ್ಲ ಕನ. ಓಗಿ ಆಕ್ಬುಟ್ಟು ಬಾ." ಅವಳು ಹೇಳುವುದು ಸರಿಯೋ ತಪ್ಪೋ ಹಿಂದಂಚೆಯವರಿಗೂ ಗೊತ್ತಿಲ್ಲ. ನಾನಂತೂ ಪರೀಕ್ಷಿಸಲು ಹೋಗುವುದಿಲ್ಲ. ಪಾಯಸ ಒಂದು ಸಲ ಮಾಡಿದ್ದು ಸಾಕು.

ಆದ್ದರಿಂದ ಹೊರಡುತ್ತೇನೆ. ಸೋಮವಾರ ಪ್ರೇಮಾ ಅವರನ್ನು ಮಾತಾಡಿಸಿ ಅಜ್ಜಿ. ಮಾತು ಎಲ್ಲಿಂದ ಶುರು ಮಾಡುವುದು ಎಂಬುದೇ ಕಷ್ಟ, ನನಗೆ ಗೊತ್ತು, ಹೊಂಗೆಮರದ ಕೆಳಗೆ ನಾಲ್ಕು ತಿಂಗಳು ಬೆನ್ನು ತಿರುಗಿಸಿ ಕೂತ ಮೇಲೆ. ಭತ್ತದ ಗಂಟನ್ನು ಅವರ ಬುತ್ತಿ ಡಬ್ಬಿಯ ಪಕ್ಕದಲ್ಲಿಡಿ. ಇಟ್ಟು, ಹದಿನಾಲ್ಕನೇ ಸಾಲು ಐದೇ ಇತ್ತು ಎಂದುಬಿಡಿ.

ಅದು ಮೂರೇ ಇತ್ತು. ನನಗೆ ಗೊತ್ತು. ಆದರೂ ಐದು ಎಂದುಬಿಡಿ.

ನಿಮ್ಮ ಮನೆಯ ದಡ್ಡ,
ಅಂಕನಾಥ
ಅಂಚುಗಾರ, ಹೊಂಗನಹಳ್ಳಿ
(ಇವತ್ತಿಗೆ ಸೊನ್ನೆ)